ಡಿಗ್ರಿ ಸಿಡ್ನಿಯದು, ಕಟಕಟೆ ಧಾರವಾಡದ್ದು

ಕೋರ್ಟ್ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಿದ್ದೆ. ನಮ್ಮ ಜೂನಿಯರ್ ವಕೀಲೆ ತನ್ನ ತಂಗಿಯನ್ನು ಕರೆದುಕೊಂಡು ಬಂದಳು. ಮನಃಶಾಸ್ತ್ರದಲ್ಲಿ ಎಂ.ಎ. ಮುಗಿಸಿದ ಹುಡುಗಿ. ಮೊಬೈಲಿನಲ್ಲಿ ಒಂದು ಜಾಹೀರಾತು ತೆಗೆದು ನನ್ನ ಮುಂದೆ ಹಿಡಿದಳು. ಮನೆಯಲ್ಲೇ ಕೂತು ಫೊರೆನ್ಸಿಕ್ ಮೆಂಟಲ್ ಹೆಲ್ತ್‌ನಲ್ಲಿ ಸ್ನಾತಕೋತ್ತರ ಪದವಿ ಪಡೆಯಬಹುದಂತೆ. "ಸರ್, ಇದನ್ನ ಓದಿದ್ರ ಪೊಲೀಸರ ಜೋಡಿ ಕೂತು ಕೊಲೆಗಾರರ ಮನಸ್ಸು ಓದೂ ಕೆಲಸ ಸಿಗತೈತೇನ್ರಿ?"

ಇಲ್ಲ ಅಂದೆ. ಅವಳ ಮುಖ ಸಪ್ಪಗಾಯಿತು. ಹಾಗಂತ ಅದು ಓದಬಾರದ ಕೋರ್ಸೂ ಅಲ್ಲ. ಇಪ್ಪತ್ತು ವರ್ಷ ಕ್ರಿಮಿನಲ್ ಕೇಸು ನಡೆಸಿದ ಮೇಲೆ ಅದರ ಅತಿ ಸಣ್ಣ ಮೆಟ್ಟಿಲನ್ನು ನಾನೇ ಹತ್ತಿದ್ದೇನೆ. ಆಸ್ಟ್ರೇಲಿಯಾದ ಒಂದು ವಿಶ್ವವಿದ್ಯಾಲಯದಿಂದ, ಆನ್‌ಲೈನಿನಲ್ಲೇ. ನನ್ನನ್ನು ಅದಕ್ಕೆ ನೂಕಿದ್ದು ಒಂದು ವೈದ್ಯಕೀಯ ವರದಿ. ನನ್ನ ಕಕ್ಷಿದಾರನ ಬಗ್ಗೆ ಬಂದಿದ್ದ ಆ ವರದಿಯಲ್ಲಿದ್ದದ್ದು ಎರಡೇ ಸಾಲು: ಆರೋಪಿಗೆ ಕಾಲ, ಸ್ಥಳ, ವ್ಯಕ್ತಿಗಳ ಅರಿವಿದೆ, ವಿಚಾರಣೆ ಎದುರಿಸಲು ಸಮರ್ಥನಿದ್ದಾನೆ. ಎಷ್ಟು ಹೊತ್ತು ಮಾತಾಡಿಸಿದರು, ಯಾವ ಭಾಷೆಯಲ್ಲಿ, ಏನು ಕೇಳಿದರು, ಒಂದೂ ಇರಲಿಲ್ಲ. ವೈದ್ಯರು ಕಟಕಟೆಗೆ ಬಂದಾಗ ಪಾಟಿ ಸವಾಲಿಗೆ ಎದ್ದು ನಿಂತ ನನಗೆ ಕೇಳಲು ಸರಿಯಾದ ಒಂದು ಪ್ರಶ್ನೆ ಹೊಳೆಯಲಿಲ್ಲ. ತಪ್ಪು ಅವರದು ಎಷ್ಟೋ ನನ್ನದೂ ಅಷ್ಟೇ.

ಆ ಹುಡುಗಿಗೆ ಅಂದು ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಸಾವಕಾಶವಾಗಿ ಬರೆಯುತ್ತಿದ್ದೇನೆ.

ಹಿಂದೆ, ಇಂದು, ಮುಂದೆ

ಸಿನಿಮಾ, ವೆಬ್ ಸೀರೀಸ್ ನೋಡಿದವರಿಗೆ ಫೊರೆನ್ಸಿಕ್ ಅಂದಕೂಡಲೇ ಗೋಡೆ ತುಂಬ ಫೋಟೊ ಅಂಟಿಸಿ, ಕೆಂಪು ದಾರ ಎಳೆದು, ಕೊಲೆಗಾರನ ಬಾಲ್ಯ ಊಹಿಸುವ ಪತ್ತೇದಾರ ನೆನಪಾಗುತ್ತಾನೆ. ಇನ್ನು ಕೆಲವರಿಗೆ ಮಂಪರು ಪರೀಕ್ಷೆ. 2000ದ ದಶಕದಲ್ಲಿ ಬೆಂಗಳೂರಿನ ಪ್ರಯೋಗಾಲಯದ ಮಂಪರು ಪರೀಕ್ಷೆಗಳು ಟಿ.ವಿ.ಯಲ್ಲಿ ಎಷ್ಟು ಮೆರೆದವು ಅಂತ ನಮ್ಮ ವಯಸ್ಸಿನವರಿಗೆ ಗೊತ್ತು. ಅದಕ್ಕೆ ತೆರೆ ಬಿದ್ದದ್ದು 2010ರಲ್ಲಿ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಒಪ್ಪಿಗೆಯಿಲ್ಲದೆ ಯಾರಿಗೂ ನಾರ್ಕೊ, ಪಾಲಿಗ್ರಾಫ್, ಮೆದುಳಿನ ನಕ್ಷೆ ಪರೀಕ್ಷೆ ಮಾಡುವಂತಿಲ್ಲ ಅಂದಿತು. ಈ ಕೋರ್ಸಿಗೂ ಆ ಪರೀಕ್ಷೆಗಳಿಗೂ ಹೆಚ್ಚಿನ ನಂಟಿಲ್ಲ.

ಇಲ್ಲಿ ಕಲಿಸುವುದು ಮೂರು ಕಾಲದ ಮೂರು ಪ್ರಶ್ನೆಗಳನ್ನು. ಕೃತ್ಯ ನಡೆದ ಗಳಿಗೆಯಲ್ಲಿ ಆತನ ಮನಸ್ಸು ಹೇಗಿತ್ತು? ಇಂದು, ಕೋರ್ಟಿನಲ್ಲಿ ನಿಂತಾಗ ಹೇಗಿದೆ? ಮುಂದೆ, ಬಿಟ್ಟರೆ ಆತನಿಂದ ಅಥವಾ ಆತನಿಗೇ ಅಪಾಯ ಇದೆಯೇ, ಇದ್ದರೆ ತಗ್ಗಿಸುವುದು ಹೇಗೆ? ನಮ್ಮ ಕೋರ್ಟುಗಳಲ್ಲಿ ಈ ಮೂರೂ ಕಲಸುಮೇಲೋಗರ ಆಗುವುದೇ ಹೆಚ್ಚು. ಇವತ್ತು ಗುಳಿಗೆ ನುಂಗಿ ಸ್ವಸ್ಥವಾಗಿ ಮಾತಾಡುವವನನ್ನು ತೋರಿಸಿ "ನೋಡಿ ಸ್ವಾಮಿ, ಚೆನ್ನಾಗೇ ಇದ್ದಾನಲ್ಲ" ಅನ್ನುವ ಸರ್ಕಾರಿ ವಕೀಲರನ್ನು ಕಂಡಿದ್ದೇನೆ. ಹತ್ತು ವರ್ಷದ ಹಿಂದಿನ ಆಸ್ಪತ್ರೆ ಚೀಟಿ ತಂದು ಕೊಲೆ ದಿನವೂ ಹುಚ್ಚಿತ್ತು ಎಂದು ವಾದಿಸುವ ನಮ್ಮವರನ್ನೂ ಕಂಡಿದ್ದೇನೆ.

ಮೊದಲ ಪ್ರಶ್ನೆಯ ಬೇರು ಲಂಡನ್ನಿನಲ್ಲಿದೆ. 1843ರಲ್ಲಿ ಡೇನಿಯಲ್ ಮೆಕ್‌ನಾಟನ್ ಎಂಬಾತ ಪ್ರಧಾನಿ ರಾಬರ್ಟ್ ಪೀಲ್‌ರ ಖಾಸಗಿ ಕಾರ್ಯದರ್ಶಿ ಎಡ್ವರ್ಡ್ ಡ್ರಮಂಡ್‌ಗೆ ಗುಂಡು ಹೊಡೆದ. ಆಡಳಿತ ಪಕ್ಷದವರು ತನ್ನ ಬೆನ್ನು ಬಿದ್ದಿದ್ದಾರೆ ಎಂಬ ಭ್ರಮೆ ಅವನಿಗಿತ್ತು. ಕೋರ್ಟು ಅವನನ್ನು ಖುಲಾಸೆ ಮಾಡಿದಾಗ ಎದ್ದ ಗದ್ದಲಕ್ಕೆ ಉತ್ತರವಾಗಿ ನ್ಯಾಯಾಧೀಶರು ಕೊಟ್ಟ ನಿಯಮಗಳೇ 1860ರ ಐಪಿಸಿಯ ಸೆಕ್ಷನ್ 84 ಆಗಿ ನಮ್ಮಲ್ಲಿಗೆ ಬಂದವು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 22. ಸಂಖ್ಯೆ ಬದಲಾಯಿತು, ಒಳಗಿನ ತಿರುಳು ಅದೇ. ರೋಗ ಇತ್ತು ಅಂದರೆ ಸಾಲದು. ಆ ರೋಗದಿಂದಾಗಿ ತಾನು ಮಾಡುತ್ತಿರುವುದು ಏನೆಂದು, ಅಥವಾ ಅದು ತಪ್ಪು, ಕಾನೂನಿಗೆ ವಿರುದ್ಧ ಎಂದು ತಿಳಿಯುವ ಶಕ್ತಿಯೇ ಆ ಹೊತ್ತಿನಲ್ಲಿ ಇರಲಿಲ್ಲ ಎಂದು ತೋರಿಸಬೇಕು. ಹೊರೆ ಆರೋಪಿಯದು. ಆದರೆ ಅದನ್ನು ಎಳ್ಳಷ್ಟೂ ಸಂಶಯ ಉಳಿಯದಂತೆ ಸಾಬೀತು ಮಾಡಬೇಕಿಲ್ಲ, ಸಿವಿಲ್ ದಾವೆಯಲ್ಲಿ ಸಾಬೀತು ಮಾಡುವಷ್ಟು ಮಾಡಿದರೆ ಸಾಕು ಎಂದು 1964ರ ದಹ್ಯಾಭಾಯಿ ಠಕ್ಕರ್ ತೀರ್ಪು ಹೇಳಿದೆ. ವೈದ್ಯರು ನೋಡುವ ಹುಚ್ಚು ಬೇರೆ, ಕಾನೂನು ನೋಡುವ ಹುಚ್ಚು ಬೇರೆ ಎಂಬ ಮಾತು ನಮ್ಮ ತೀರ್ಪುಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಆಸ್ಟ್ರೇಲಿಯಾದ ಕೋರ್ಸಿನಲ್ಲಿ ಇದೇ ಪ್ರಶ್ನೆಯನ್ನು ಅಲ್ಲಿನ ಕಾನೂನಿನ ಮೂಲಕ ಓದುತ್ತೇವೆ. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯ 2020ರಲ್ಲಿ ಹೊಸ ಕಾಯ್ದೆ ತಂದು, ತೀರ್ಪಿನ ಮಾತನ್ನೇ ಬದಲಿಸಿತು. ಹಿಂದೆ "ಮಾನಸಿಕ ರೋಗದ ಕಾರಣ ತಪ್ಪಿತಸ್ಥನಲ್ಲ" ಎನ್ನುತ್ತಿದ್ದರು. ಸತ್ತವರ ಮನೆಯವರಿಗೆ ಆ ಮಾತು ಏನೂ ನಡೆದೇ ಇಲ್ಲ ಎಂಬಂತೆ ಕೇಳುತ್ತಿತ್ತು. ಈಗಿನ ತೀರ್ಪು "ಕೃತ್ಯ ಸಾಬೀತಾಗಿದೆ, ಆದರೆ ಕ್ರಿಮಿನಲ್ ಹೊಣೆ ಇಲ್ಲ" ಎಂದಿರುತ್ತದೆ. ಸಂತ್ರಸ್ತರ ನೋವಿಗೂ ರೋಗಿಯ ಸ್ಥಿತಿಗೂ ಒಟ್ಟಿಗೆ ಜಾಗ ಕೊಡುವ ಮಾತು ಅದು. ಓದುವಾಗ ನಮ್ಮ ಊರಿನ ಎಷ್ಟೋ ಕೇಸು ಕಣ್ಣ ಮುಂದೆ ಬಂದವು.

ಹೂಂ ಅನ್ನುವವನ ಹೂಂ

ಎರಡನೆಯ ಪ್ರಶ್ನೆಗೆ ಹೆಚ್ಚು ಹೊತ್ತು ಕೊಡುತ್ತೇನೆ. ನನ್ನ ಲೆಕ್ಕದಲ್ಲಿ ಈ ಓದಿನ ಹಣ ವಸೂಲಾಗುವುದು ಇಲ್ಲೇ.

ವಿಚಾರಣೆ ಎದುರಿಸುವ ಸಾಮರ್ಥ್ಯದ ಬಗ್ಗೆ ಆಸ್ಟ್ರೇಲಿಯಾದಲ್ಲಿ ಇಂದಿಗೂ ಆಧಾರವಾಗಿರುವುದು 1958ರ ಪ್ರೆಸ್ಸರ್ ತೀರ್ಪು. ತನ್ನ ಮೇಲಿನ ಆರೋಪ ಏನೆಂದು ಆತನಿಗೆ ತಿಳಿಯುತ್ತದೆಯೇ, ಒಪ್ಪಿಗೆಯೋ ಇಲ್ಲವೋ ಹೇಳಬಲ್ಲನೇ, ಅಲ್ಲಿ ನಡೆಯುತ್ತಿರುವುದು ತಾನು ತಪ್ಪು ಮಾಡಿದೆನೋ ಇಲ್ಲವೋ ಎಂಬುದರ ವಿಚಾರಣೆ ಎಂಬ ಅರಿವಿದೆಯೇ, ಕಲಾಪವನ್ನು ಸ್ಥೂಲವಾಗಿ ಅನುಸರಿಸಬಲ್ಲನೇ, ತನ್ನ ವಿರುದ್ಧ ಬಂದ ಸಾಕ್ಷ್ಯದ ಪರಿಣಾಮ ಗೊತ್ತಾಗುತ್ತದೆಯೇ, ವಕೀಲನಿಗೆ ತನ್ನ ಕಡೆಯ ಮಾತು ಹೇಳಬಲ್ಲನೇ. ನಮ್ಮ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 367, 368ನೇ ಸೆಕ್ಷನ್‌ಗಳು ಕೇಳುವುದೂ ಇದೇ ಧಾಟಿಯ ಪ್ರಶ್ನೆ: ಚಿತ್ತಸ್ವಾಸ್ಥ್ಯವಿಲ್ಲದ ಕಾರಣ ಆರೋಪಿ ತನ್ನನ್ನು ಸಮರ್ಥಿಸಿಕೊಳ್ಳಲಾರದ ಸ್ಥಿತಿಯಲ್ಲಿದ್ದಾನೆಯೇ? ಆದರೆ ಕೇಳುವ ಬಗೆಯನ್ನು ಸೆಕ್ಷನ್ ಕಲಿಸುವುದಿಲ್ಲ.

ಕೋರ್ಸಿನಲ್ಲಿ ಒಂದು ವಾರ ಪೂರ್ತಿ ಇದೇ. ಕಾಲ್ಪನಿಕ ಆರೋಪಿಯ ಸಂದರ್ಶನದ ವಿಡಿಯೊ ತೋರಿಸುತ್ತಾರೆ, ಎಲ್ಲಿ ಎಡವಿದರು ಎಂದು ನಾವು ಬರೆಯಬೇಕು. ನಾನು ಆ ಪ್ರಶ್ನೆಗಳನ್ನು ನಮ್ಮ ಕನ್ನಡಕ್ಕೆ ತಂದುಕೊಂಡು ನೋಡಿದೆ. ಆಗ ಕಂಡಿತು ತೊಡಕು. "ನಿಮ್ಮ ಮೇಲಿನ ಆರೋಪ ಅರ್ಥವಾಗಿದೆಯೇ?" ಎಂದು ಕೇಳಿದರೆ ನವಲಗುಂದ ಕಡೆಯ ರೈತ ಕೈ ಮುಗಿದು "ಹೂಂ ರೀ ಸಾಹೇಬ್ರ" ಅನ್ನುತ್ತಾನೆ. ಅದು ತಿಳುವಳಿಕೆಯ ಹೂಂ ಅಲ್ಲ, ದೊಡ್ಡವರ ಮುಂದೆ ಅನ್ನಬೇಕಾದ ಹೂಂ. ವರದಿಗೆ ಹೋಗುವಾಗ ಮಾತ್ರ ಅದು "ಆರೋಪದ ಅರಿವಿದೆ" ಆಗುತ್ತದೆ. ಅದರ ಬದಲು "ನಿಮ್ಮ ಮ್ಯಾಲೆ ಏನಂತ ಕೇಸ್ ಹಾಕ್ಯಾರ, ನಿಮ್ಮ ಮಾತಿನ್ಯಾಗ ಹೇಳ್ರಿ" ಎಂದು ಕೇಳಿ ನೋಡಿ. "ಆ ಎತ್ತರದ ಕುರ್ಚಿ ಮ್ಯಾಲೆ ಕೂತಾರಲ್ಲ, ಅವರ ಕೆಲಸ ಏನು? ನಾ ಯಾರ ಕಡೆಯಂವ? ಆ ಕರೀ ಕೋಟಿನವರು ಯಾರ ಕಡೆ?" ಎರಡು ನಿಮಿಷದಲ್ಲಿ ಬಣ್ಣ ಗೊತ್ತಾಗುತ್ತದೆ.

ಇನ್ನೊಂದು ಉದಾಹರಣೆ. ಆರೋಪಿ "ನಂದೇ ತಪ್ಪರಿ, ನನಗ ಗಲ್ಲಿಗೆ ಹಾಕ್ರಿ" ಅನ್ನುತ್ತಾನೆ ಅಂತಿಟ್ಟುಕೊಳ್ಳಿ. ಪಶ್ಚಾತ್ತಾಪವೋ, ತೀವ್ರ ಖಿನ್ನತೆಯೋ, ಆಣೆ ಮಾಡಿದ ದೇವರ ಭಯವೋ? ಖಿನ್ನತೆಯಾದರೆ ತನ್ನನ್ನು ತಾನು ಉಳಿಸಿಕೊಳ್ಳುವ ಮನಸ್ಸೇ ಇಲ್ಲದವನು ವಕೀಲನಿಗೆ ಏನು ಹೇಳಿಯಾನು? ಹಾಗೆಯೇ ಮಾಟ, ಗಾಳಿ ಸೋಕಿದ್ದು, ಮೈಮೇಲೆ ದೇವರು ಬರುವುದು. ಓಣಿಗೆ ಓಣಿಯೇ ನಂಬುವ ನಂಬಿಕೆ ಭ್ರಮೆಯಾಗುವುದಿಲ್ಲ. ಓಣಿಯವರೇ "ಇವನ ಮಾತು ಅತೀ ಆತು" ಎನ್ನುವ ಗಡಿಯೊಂದಿರುತ್ತದೆ. ಆ ಗಡಿ ಎಲ್ಲಿದೆ ಎಂದು ಸಿಡ್ನಿಯ ಪ್ರಾಧ್ಯಾಪಕರು ಹೇಳಲಾರರು. ಮನೆಯವರನ್ನು, ಊರವರನ್ನು ವಿಚಾರಿಸಿ ವರದಿಯಲ್ಲಿ ದಾಖಲಿಸಬೇಕು ಎಂಬ ಶಿಸ್ತನ್ನು ಅವರು ಕಲಿಸುತ್ತಾರೆ. ಉಳಿದದ್ದು ನಮ್ಮ ಊರಿನ ಪಾಲು.

ಈ ಪ್ರಶ್ನೆಯನ್ನು ಕೇಳದೆ ಬಿಟ್ಟರೆ, ಅಥವಾ ಒಮ್ಮೆ ಕೇಳಿ ಮರೆತರೆ ಏನಾಗುತ್ತದೆ ಎನ್ನುವುದಕ್ಕೆ ಅಸ್ಸಾಮಿನ ಮಚಾಂಗ್ ಲಾಲುಂಗ್ ಸಾಕು. 1951ರಲ್ಲಿ ಬಂಧಿತರಾದ ಅವರನ್ನು ತೇಜಪುರದ ಮಾನಸಿಕ ಆಸ್ಪತ್ರೆಗೆ ಕಳಿಸಿದರು. 1967ರಲ್ಲಿ ಅವರು ಸ್ವಸ್ಥರಾಗಿದ್ದಾರೆ ಎಂದು ಆಸ್ಪತ್ರೆ ತಿಳಿಸಿತು. ಮನೆಗೆ ಕಳಿಸುವ ಬದಲು ಜೈಲಿಗೆ ಹಾಕಿದರು. ಬಿಡುಗಡೆಯಾದದ್ದು 2005ರಲ್ಲಿ. ವಿಚಾರಣೆಯೇ ನಡೆಯದೆ 54 ವರ್ಷ.

ಭವಿಷ್ಯ ಹೇಳುವವರಲ್ಲ

ಮೂರನೆಯದು ಅಪಾಯದ ಅಂದಾಜು. ಇದನ್ನು ಕಲಿಸುವ ತರಗತಿ ಬಹುತೇಕ ಒಂದು ಸೋಲಿನ ಕಥೆಯಿಂದ ಶುರುವಾಗುತ್ತದೆ. 1966ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಬ್ಯಾಕ್ಸ್‌ಸ್ಟ್ರಾಮ್ ಪ್ರಕರಣದಲ್ಲಿ ಕೊಟ್ಟ ತೀರ್ಪಿನಿಂದಾಗಿ, ನ್ಯೂಯಾರ್ಕ್ ರಾಜ್ಯದಲ್ಲಿ "ಅಪಾಯಕಾರಿ" ಎಂದು ಬಿಗಿ ಕಾವಲಿನ ಆಸ್ಪತ್ರೆಗಳಲ್ಲಿ ಕೂಡಿಹಾಕಿದ್ದ 900ಕ್ಕೂ ಹೆಚ್ಚು ಮಂದಿಯನ್ನು ಸಾಮಾನ್ಯ ಮಾನಸಿಕ ಆಸ್ಪತ್ರೆಗಳಿಗೆ ಸಾಗಿಸಬೇಕಾಯಿತು. ಎಲ್ಲರೂ ಅನಾಹುತ ನಿರೀಕ್ಷಿಸಿದರು. ನಂತರದ ವರ್ಷಗಳಲ್ಲಿ ಅವರ ಬೆನ್ನು ಹತ್ತಿದ ಸಂಶೋಧಕರಿಗೆ ಕಂಡದ್ದೇ ಬೇರೆ: ಹಿಂಸೆಗಿಳಿದವರು ತೀರ ಕಡಿಮೆ. ಅಂದರೆ ವೈದ್ಯರ ಅಂದಾಜು ಬಹುಪಾಲು ಮಂದಿಯ ವಿಷಯದಲ್ಲಿ ತಪ್ಪಾಗಿತ್ತು.

ಆ ಪಾಠದಿಂದ ಹುಟ್ಟಿದ್ದು ಕೆನಡಾದ ಎಚ್‌ಸಿಆರ್-20ನಂಥ ಸಾಧನಗಳು. ಹೆಸರಿನಲ್ಲಿರುವಂತೆ 20 ಅಂಶ: ಹತ್ತು ಹಿಂದಿನ ಬದುಕಿನವು, ಐದು ಈಗಿನ ಸ್ಥಿತಿಯವು, ಐದು ಮುಂದಿನ ವ್ಯವಸ್ಥೆಯವು. ಇದು ಅಂಕ ಕೂಡಿಸಿ ಭವಿಷ್ಯ ಹೇಳುವ ಯಂತ್ರವಲ್ಲ. ಯಾವ ಸಂದರ್ಭದಲ್ಲಿ, ಯಾರ ಮೇಲೆ, ಯಾಕೆ ಹಿಂಸೆ ನಡೆದೀತು ಎಂದು ಯೋಚಿಸಿ, ಅದನ್ನು ತಡೆಯುವ ಯೋಜನೆ ಬರೆಯಲು ಇರುವ ಒಂದು ಕಟ್ಟು. ರಾಬರ್ಟ್ ಹೇರ್ ಅವರ ಸೈಕೋಪತಿ ಪಟ್ಟಿಯಲ್ಲೂ 20 ಅಂಶಗಳೇ. ಅಲ್ಲಿ ಅಂಕವುಂಟು, ಗರಿಷ್ಠ 40, ಉತ್ತರ ಅಮೆರಿಕದಲ್ಲಿ ರೂಢಿಯ ಗೆರೆ 30. ಕೆನಡಾದ ಕೈದಿಗೆ ಎಳೆದ ಗೆರೆ ಶಾಲೆಯ ಮೆಟ್ಟಿಲು ಹತ್ತದ ನಮ್ಮ ಕೈದಿಗೆ ಎಷ್ಟು ಹೊಂದುತ್ತದೆ ಎಂಬ ಪ್ರಶ್ನೆಯನ್ನು ನಾನು ಕೋರ್ಸಿನ ಆನ್‌ಲೈನ್ ಚರ್ಚೆಯಲ್ಲಿ ಎತ್ತಿದಾಗ ಅತಿ ಉದ್ದದ ಉತ್ತರ ಬಂದದ್ದು ನ್ಯೂಜಿಲೆಂಡಿನ ನರ್ಸ್ ಒಬ್ಬರಿಂದ. ಅವರ ವಾರ್ಡಿನ ಮಾವೊರಿ ರೋಗಿಗಳ ವಿಷಯದಲ್ಲಿ ಅವರದೂ ಅದೇ ತಕರಾರು.

ಬಿಡುಗಡೆಯ ತೀರ್ಮಾನ ಆಸ್ಟ್ರೇಲಿಯಾದಲ್ಲಿ ಒಬ್ಬ ವೈದ್ಯರ ಸಹಿಯ ಮೇಲೆ ನಿಂತಿಲ್ಲ. ನ್ಯೂ ಸೌತ್ ವೇಲ್ಸಿನಲ್ಲಿ ನ್ಯಾಯಮಂಡಳಿಯೊಂದು, ಕ್ರಿಮಿನಲ್ ಹೊಣೆ ಇಲ್ಲ ಎಂದು ತೀರ್ಪಾದ ಪ್ರತಿ ರೋಗಿಯ ಕಡತವನ್ನು ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ನೋಡಬೇಕು. ಅದರಲ್ಲಿ ಕಾನೂನು ಬಲ್ಲವರು, ಮನೋವೈದ್ಯರು, ಮೂರನೆಯ ಒಬ್ಬ ಸದಸ್ಯರು ಇರುತ್ತಾರೆ. ಲಾಲುಂಗ್ ಅವರ ಕಥೆ ಓದಿದ ಮರುವಾರವೇ ಈ ಪಾಠ ಬಂದಿತ್ತು. ಲ್ಯಾಪ್‌ಟಾಪ್ ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ಕೂತೆ.

ತರಗತಿ ನಡೆಯುವ ಪರಿ

ಆಸ್ಟ್ರೇಲಿಯಾದಲ್ಲಿ ಇಂಥ ಓದಿಗೆ ಮೂರು ಮೆಟ್ಟಿಲು: ಗ್ರಾಜುಯೇಟ್ ಸರ್ಟಿಫಿಕೇಟ್, ಗ್ರಾಜುಯೇಟ್ ಡಿಪ್ಲೊಮಾ, ಮಾಸ್ಟರ್ಸ್. ಸಾಮಾನ್ಯವಾಗಿ ಒಂದರ ಮೇಲೊಂದು ಕೂಡಿಕೊಂಡಿರುತ್ತವೆ. ಸರ್ಟಿಫಿಕೇಟಿಗೆ ಓದಿದ ವಿಷಯಗಳು ಮೇಲಿನದಕ್ಕೆ ಲೆಕ್ಕವಾಗುತ್ತವೆ, ನಡುವೆ ಸಾಕೆನಿಸಿದರೆ ಕೆಳಗಿನ ಮೆಟ್ಟಿಲಿನ ಪ್ರಮಾಣಪತ್ರ ಹಿಡಿದು ಇಳಿಯಬಹುದು. ಸಿಡ್ನಿಯ ಯುಎನ್‌ಎಸ್‌ಡಬ್ಲ್ಯು ವಿಶ್ವವಿದ್ಯಾಲಯ, ಮೆಲ್ಬರ್ನಿನ ಸ್ವಿನ್‌ಬರ್ನ್ ವಿಶ್ವವಿದ್ಯಾಲಯ ಈ ಕ್ಷೇತ್ರದಲ್ಲಿ ಹೆಸರು ಮಾಡಿವೆ. ಸ್ವಿನ್‌ಬರ್ನ್‌ಗೆ ವಿಕ್ಟೋರಿಯಾ ರಾಜ್ಯದ ಫೊರೆನ್ಸಿಕ್ ಆಸ್ಪತ್ರೆ ನಡೆಸುವ ಸಂಸ್ಥೆಯ ಜೊತೆ ಒಡನಾಟವಿದೆ. ಪಾಠ ಮಾಡುವವರು ಬೆಳಗ್ಗೆ ವಾರ್ಡಿನಲ್ಲಿ ಕೆಲಸ ಮಾಡಿ ಬಂದವರಾಗಿದ್ದರೆ ಪಾಠದ ರುಚಿಯೇ ಬೇರೆ. ಕೋರ್ಸ್ ಆರಿಸುವಾಗ ಇದನ್ನು ವಿಚಾರಿಸಿ.

ಒಂದು ಅವಧಿಗೆ ಒಂದೇ ವಿಷಯ ತೆಗೆದುಕೊಂಡರೂ ಕೆಲಸ ಕಡಿಮೆಯಲ್ಲ. ಹತ್ತು ವಾರದ ಅವಧಿ, ಒಂದು ವಿಷಯಕ್ಕೆ 150 ಗಂಟೆಯ ಓದು ಎಂದಿಟ್ಟುಕೊಂಡರೆ ವಾರಕ್ಕೆ ಹದಿನೈದು ಗಂಟೆ. ಕೆಲಸದಲ್ಲಿರುವವರು ಎರಡು ವಿಷಯ ಒಟ್ಟಿಗೆ ತೆಗೆದುಕೊಳ್ಳುವ ಧೈರ್ಯ ಮಾಡಬೇಡಿ. ಪಾಠಗಳು ರೆಕಾರ್ಡ್ ಆಗಿರುತ್ತವೆ. ವಾರಕ್ಕಿಷ್ಟು ಲೇಖನ, ಒಂದೆರಡು ತೀರ್ಪು, ಆನ್‌ಲೈನ್ ಚರ್ಚೆಯಲ್ಲಿ ಕಡ್ಡಾಯವಾಗಿ ಬರೆಯಬೇಕಾದ ಮಾತು. ನೇರ ತರಗತಿಗಳು ಆಗೊಮ್ಮೆ ಈಗೊಮ್ಮೆ.

ಗಡಿಯಾರದ ವಿಷಯಕ್ಕೆ ಆಸ್ಟ್ರೇಲಿಯಾ ನಮಗೆ ಇಂಗ್ಲೆಂಡಿಗಿಂತ ವಾಸಿ. ಸಿಡ್ನಿ ನಮಗಿಂತ ನಾಲ್ಕೂವರೆ ಗಂಟೆ ಮುಂದೆ. ಅಲ್ಲಿನ ಸಂಜೆ 7ರ ತರಗತಿ ನಮಗೆ ಮಧ್ಯಾಹ್ನ 2.30. ಲಂಡನ್ನಿನ ಸಂಜೆ 6ರ ತರಗತಿಗೆ ನಾವು ರಾತ್ರಿ 10.30ಕ್ಕೋ, ಚಳಿಗಾಲದಲ್ಲಿ 11.30ಕ್ಕೋ ಕೂರಬೇಕು. ಆದರೆ ಅಕ್ಟೋಬರ್ ಮೊದಲ ಭಾನುವಾರದಿಂದ ಏಪ್ರಿಲ್ ಮೊದಲ ಭಾನುವಾರದವರೆಗೆ ಸಿಡ್ನಿಯವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಮಧ್ಯರಾತ್ರಿಯ ಗಡುವು ಅಂದರೆ ನಮಗೆ ಸಂಜೆ 7.30 ಅಂದುಕೊಂಡು ಹಾಯಾಗಿದ್ದ ನನಗೆ ಅದು 6.30 ಆಗಿದ್ದು ತಿಳಿದದ್ದು ಗಡುವು ಮುಗಿದ ಮೇಲೆ. ಅಂಕ ಕಡಿತವಾಯಿತು. ಮುದ್ದತು ತಪ್ಪಿಸಿಕೊಂಡ ಕಕ್ಷಿದಾರರಿಗೆ ಬೈಯುವ ನಾನು ಅಂದು ಯಾರಿಗೂ ಹೇಳಲಿಲ್ಲ.

ಪರೀಕ್ಷೆಗಿಂತ ಬರವಣಿಗೆಗೇ ಹೆಚ್ಚು ಅಂಕ. ಅದರಲ್ಲೂ ಕೋರ್ಟಿಗೆ ಸಲ್ಲಿಸುವ ವರದಿ. ನ್ಯೂ ಸೌತ್ ವೇಲ್ಸಿನಲ್ಲಿ ತಜ್ಞ ಸಾಕ್ಷಿಗಳಿಗೆಂದೇ ನಡವಳಿಕೆಯ ಸಂಹಿತೆ ಇದೆ: ಯಾರು ಹಣ ಕೊಟ್ಟು ಕರೆಸಿದರೂ ತಜ್ಞರ ಮೊದಲ ಋಣ ಕೋರ್ಟಿಗೆ. ಯಾರು, ಏನು ಕೇಳಿ ಕಳಿಸಿದರು; ಯಾವ ಕಾಗದ ನೋಡಿದಿರಿ, ಯಾವುದು ಸಿಗಲಿಲ್ಲ; ಎಷ್ಟು ಸಲ, ಎಷ್ಟು ಹೊತ್ತು, ಯಾವ ಭಾಷೆಯಲ್ಲಿ, ದುಭಾಷಿ ಇದ್ದರೆ ಯಾರು; ಇಲ್ಲಿ ಹೇಳಿದ್ದು ಗುಟ್ಟಾಗಿ ಉಳಿಯುವುದಿಲ್ಲ ಎಂದು ಆರೋಪಿಗೆ ಮೊದಲೇ ಹೇಳಿದಿರಾ; ಅಭಿಪ್ರಾಯ ಏನು, ಅದಕ್ಕೆ ಕಾರಣವೇನು, ಅದರ ಮಿತಿ ಎಲ್ಲಿ. ನನ್ನ ಮೊದಲ ವರದಿಯನ್ನು ತಿದ್ದಿದವರು ಅಂಚಿನಲ್ಲಿ ಬರೆದಿದ್ದರು, ಇದು ವರದಿಯಲ್ಲ, ವಾದ ಎಂದು. ವಕೀಲನ ಕೈ, ಇನ್ನೇನು ಬರೆದೀತು!

ನಿಮ್ಮದೇ ಕೇಸುಗಳನ್ನು ಚರ್ಚೆಗೆ ತರುವಾಗ ಎಚ್ಚರ ಬೇಕು. ಓದುವವರು ಸಿಡ್ನಿಯವರಲ್ಲವೇ, ಯಾರಿಗೆ ಗೊತ್ತಾದೀತು ಎನ್ನುವಂತಿಲ್ಲ. ತಾಲ್ಲೂಕಿನ ಹೆಸರು, ಕೃತ್ಯದ ಬಗೆ, ವರ್ಷ ಈ ಮೂರು ಸಿಕ್ಕರೆ ಹಳೆಯ ಪತ್ರಿಕೆಯ ಸುದ್ದಿ ಹುಡುಕಿ ಹೆಸರು ಹಿಡಿಯಲು ಎರಡು ನಿಮಿಷ ಸಾಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಗೆ ಗೋಪ್ಯತೆಯ ಹಕ್ಕು ಕೊಟ್ಟಿದೆ; ತರಗತಿಯ ಹೆಸರಲ್ಲಿ ಅದು ಸಡಿಲವಾಗುವುದಿಲ್ಲ.

ಪದವಿ ಬೇರೆ, ಪರವಾನಗಿ ಬೇರೆ

ಜಾಹೀರಾತಿನಲ್ಲಿ ಸಣ್ಣ ಅಕ್ಷರದಲ್ಲಿರುವ ಮಾತು ಇದು. ಈ ಕೋರ್ಸುಗಳು ಮನೋವೈದ್ಯರು, ಮನಃಶಾಸ್ತ್ರಜ್ಞರು, ನರ್ಸುಗಳು, ಸಮಾಜ ಕಾರ್ಯಕರ್ತರು, ಪೊಲೀಸರು, ಜೈಲು ಅಧಿಕಾರಿಗಳು, ವಕೀಲರು, ಹೀಗೆ ಹಲವರಿಗೆ ತೆರೆದಿರುತ್ತವೆ. ಬಾಗಿಲು ಅಷ್ಟು ಅಗಲವಾಗಿರುವುದೇ ಅದರಿಂದ ವೃತ್ತಿಯ ಪರವಾನಗಿ ಸಿಗುವುದಿಲ್ಲ ಎಂಬುದರ ಗುರುತು. ಒಳಗೆ ಹೋಗುವಾಗ ಕೈಯಲ್ಲಿದ್ದ ಪರವಾನಗಿಯೇ ಹೊರಬರುವಾಗಲೂ ಇರುವುದು. ಸರ್ಟಿಫಿಕೇಟ್ ಪಡೆದ ಮೇಲೂ ನಾನು ಯಾರೊಬ್ಬರ ಮನಸ್ಸನ್ನೂ ಪರೀಕ್ಷಿಸುವಂತಿಲ್ಲ.

ನಮ್ಮಲ್ಲಿ ಆರೋಪಿಯ ಚಿತ್ತಸ್ವಾಸ್ಥ್ಯದ ಪ್ರಶ್ನೆ ಎದ್ದಾಗ ಕಾನೂನು ಹೆಸರಿಸುವುದು ಮನೋವೈದ್ಯರನ್ನು, ಕ್ಲಿನಿಕಲ್ ಸೈಕಾಲಜಿಸ್ಟರನ್ನು. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ 1992ರ ಕಾಯ್ದೆಯಡಿಯ ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ಒಪ್ಪಿದ ತರಬೇತಿ ಪಡೆದವರು. ಬಹುಕಾಲ ಅದು ಎಂ.ಎ. ಆದ ಮೇಲೆ ಆಸ್ಪತ್ರೆಯಲ್ಲೇ ಇದ್ದು ಮಾಡುವ ಎರಡು ವರ್ಷದ ಎಂ.ಫಿಲ್. ಯುಜಿಸಿ 2022ರ ನಿಯಮಗಳಲ್ಲಿ ಎಂ.ಫಿಲ್ ಎಂಬುದನ್ನೇ ಕೈಬಿಟ್ಟಿತು. ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್‌ಗೆ ಮಾತ್ರ 2025-26ರವರೆಗೆ ಅವಕಾಶ ವಿಸ್ತರಿಸಿತ್ತು. ಈಗ ಹೊಸ ಹೆಸರಿನ ಕೋರ್ಸುಗಳು ಬರುತ್ತಿವೆ. ಸೇರುವ ಮುನ್ನ ಆರ್‌ಸಿಐ ಪಟ್ಟಿಯಲ್ಲಿ ಆ ಸಂಸ್ಥೆ, ಆ ಕೋರ್ಸು, ಆ ವರ್ಷ ಇದೆಯೇ ಎಂದು ಕಣ್ಣಾರೆ ನೋಡಿಕೊಳ್ಳಿ.

ಅದಕ್ಕಿಂತ ದೊಡ್ಡ ಬದಲಾವಣೆ 2025ರದು. ಆ ವರ್ಷದ ಜುಲೈ-ಆಗಸ್ಟ್ ಅವಧಿಯಿಂದ ಮನಃಶಾಸ್ತ್ರವೂ ಸೇರಿದಂತೆ ಆರೋಗ್ಯ ಸಂಬಂಧಿ ವಿಷಯಗಳನ್ನು ದೂರಶಿಕ್ಷಣ ಮತ್ತು ಆನ್‌ಲೈನ್ ಮೂಲಕ ಕಲಿಸುವಂತಿಲ್ಲ ಎಂದು ಯುಜಿಸಿ ವಿಶ್ವವಿದ್ಯಾಲಯಗಳಿಗೆ ತಿಳಿಸಿತು. ಅಂಚೆಯಲ್ಲಿ ಪುಸ್ತಕ ತರಿಸಿಕೊಂಡು ಮನಃಶಾಸ್ತ್ರ ಎಂ.ಎ. ಮಾಡುತ್ತಿದ್ದ ಕಾಲ ಮುಗಿಯಿತು. ಹಾಗಿರುವಾಗ ವಿದೇಶದ ಆನ್‌ಲೈನ್ ಡಿಗ್ರಿಗೆ ಇಲ್ಲಿ ಸಮಾನತೆ ಸಿಗುತ್ತದೆ ಎಂದು ಏಜೆಂಟರು ಬಾಯಿಮಾತಿನಲ್ಲಿ ಹೇಳಿದರೆ ನಂಬಬೇಡಿ. ಸರ್ಕಾರಿ ಹುದ್ದೆ, ಕಾಲೇಜು ಅಧ್ಯಾಪಕ ಹುದ್ದೆ ಅಥವಾ ಪಿಎಚ್‌.ಡಿ. ಮೇಲೆ ಕಣ್ಣಿದ್ದವರು ಯುಜಿಸಿಗೆ, ಭಾರತೀಯ ವಿಶ್ವವಿದ್ಯಾಲಯಗಳ ಸಂಘಕ್ಕೆ ಮೊದಲೇ ಬರೆದು ಉತ್ತರ ಪಡೆದು, ಆಮೇಲೆ ಶುಲ್ಕ ಕಟ್ಟಿ.

ಹಾಗಾದರೆ ಯಾರು ಓದಬೇಕು? ಜೈಲಿನ ಆಸ್ಪತ್ರೆಯ ವೈದ್ಯರು ಓದಬೇಕು. ಜೈಲು ವೈದ್ಯಾಧಿಕಾರಿಗಳಿಗೆ ಮಾನಸಿಕ ಆರೈಕೆಯ ಮೂಲ ತರಬೇತಿ ಕೊಡಬೇಕು ಎಂದು 2017ರ ಕಾಯ್ದೆಯೇ ಹೇಳುತ್ತದೆ. ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್ ತಜ್ಞರು 5024 ಕೈದಿಗಳನ್ನು ಸಂದರ್ಶಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಒಮ್ಮೆ ತಿರುವಿ ಹಾಕಿದರೆ ಯಾಕೆಂದು ತಿಳಿಯುತ್ತದೆ. ಬೀಡಿ, ಸಾರಾಯಿ, ಗಾಂಜಾದ ತೊಂದರೆಗಳನ್ನು ಬದಿಗಿಟ್ಟು ಎಣಿಸಿದರೂ ಕಾಲು ಭಾಗಕ್ಕೂ ಹೆಚ್ಚು ಮಂದಿಗೆ ಗುರುತಿಸಬಹುದಾದ ಮಾನಸಿಕ ಕಾಯಿಲೆ ಇತ್ತು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು, ಆರ್‌ಸಿಐ ನೋಂದಣಿಯಿರುವ ಮನಃಶಾಸ್ತ್ರಜ್ಞರು, ಮನೋರೋಗ ವಾರ್ಡಿನ ನರ್ಸುಗಳು, ಪ್ರೊಬೇಷನ್ ಅಧಿಕಾರಿಗಳು, ಕಾನೂನು ಸೇವಾ ಪ್ರಾಧಿಕಾರದ ವಕೀಲರು, ಇವರಿಗೆಲ್ಲ ಇದು ಕೈಯಲ್ಲಿರುವ ಕೆಲಸವನ್ನು ಹರಿತಗೊಳಿಸುವ ಓದು. ಈಗಷ್ಟೇ ಎಂ.ಎ. ಮುಗಿಸಿದವರಿಗೆ ಇದು ಮೊದಲ ಹೆಜ್ಜೆಯಲ್ಲ.

ಅಂಥವರಿಗೆ ಊರ ಹತ್ತಿರದಲ್ಲೇ ಬೇರೆ ದಾರಿಗಳಿವೆ. ಬೆಂಗಳೂರಿನ ನಿಮ್ಹಾನ್ಸ್, ನಮ್ಮ ಧಾರವಾಡದ ಡಿಮ್ಹಾನ್ಸ್‌ನಂಥ ಮಾನಸಿಕ ಆರೋಗ್ಯ ಸಂಸ್ಥೆಗಳು. ಸಂಸತ್ತಿನ 2020ರ ಕಾಯ್ದೆಯಿಂದ ರಾಷ್ಟ್ರೀಯ ಮಹತ್ವದ ಸಂಸ್ಥೆಯಾದ ನ್ಯಾಷನಲ್ ಫೊರೆನ್ಸಿಕ್ ಸೈನ್ಸಸ್ ಯೂನಿವರ್ಸಿಟಿ ಗಾಂಧಿನಗರದಲ್ಲಿ ಫೊರೆನ್ಸಿಕ್ ಸೈಕಾಲಜಿ ಕಲಿಸುತ್ತದೆ. ಅದರ ಒಂದು ಕ್ಯಾಂಪಸ್ ಧಾರವಾಡಕ್ಕೂ ಬಂದಿದೆ, ಯಾವ ಕೋರ್ಸು ಯಾವ ಕ್ಯಾಂಪಸ್‌ನಲ್ಲಿ ಎಂದು ವಿಚಾರಿಸಿಕೊಳ್ಳಬೇಕು. ಕಾನೂನಿನ ಭಾಗ ಮಾತ್ರ ಸಾಕು ಎನ್ನುವವರಿಗೆ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ದೂರಶಿಕ್ಷಣದಲ್ಲಿ ನಡೆಸಿಕೊಂಡು ಬಂದಿರುವ ವೈದ್ಯಕೀಯ ಕಾನೂನು ಮತ್ತು ನೀತಿಶಾಸ್ತ್ರದ ಸ್ನಾತಕೋತ್ತರ ಡಿಪ್ಲೊಮಾ ಉಂಟು.

ಆದರೂ ವಿದೇಶದ್ದೇ ಬೇಕು ಎನ್ನುವವರಿಗೆ ಖರ್ಚಿನ ಒಂದೆರಡು ಮಾತು. ಶುಲ್ಕ ವಿಷಯವೊಂದಕ್ಕೆ ಇಷ್ಟು ಎಂದು ಡಾಲರಿನಲ್ಲಿರುತ್ತದೆ, ಅವಧಿ ಅವಧಿಗೆ ಕಟ್ಟುವುದು. ಹೀಗಾಗಿ ಎರಡು ವರ್ಷದ ಓದಿನಲ್ಲಿ ರೂಪಾಯಿ ಕುಸಿದರೆ ಆ ಹೊಡೆತ ನಿಮ್ಮದೇ. ಬ್ಯಾಂಕಿನಲ್ಲಿ ಎ2 ಫಾರಂ ತುಂಬಬೇಕು, ವರ್ಷದ ಮಿತಿ ದಾಟಿದ ಹಣಕ್ಕೆ ಟಿಸಿಎಸ್ ಎಂಬ ತೆರಿಗೆ ವಸೂಲಾಗುತ್ತದೆ, ಅದನ್ನು ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು. ಮನೆಯಲ್ಲೇ ಓದುವುದಾದರೂ ಇಂಗ್ಲಿಷ್ ಪರೀಕ್ಷೆಯ ಅಂಕ ಕೇಳುವುದುಂಟು, ಐಇಎಲ್‌ಟಿಎಸ್ ಆದರೆ ಸಾಮಾನ್ಯವಾಗಿ 6.5ರ ಆಸುಪಾಸು. ಇನ್ನು ಆನ್‌ಲೈನ್ ಕೋರ್ಸಿಗೆ ವಿದ್ಯಾರ್ಥಿ ವೀಸಾ ಇಲ್ಲ. ಇದನ್ನು ಓದಿ ಅಲ್ಲಿಗೆ ಹೋಗಿ ನೆಲೆಸಬಹುದು ಎಂದು ಯಾರಾದರೂ ಹೇಳಿದರೆ ಚಹಾ ಕುಡಿಸಿ ಕಳಿಸಿಬಿಡಿ.

ಆ ಹುಡುಗಿಗೆ ಕೊನೆಗೆ ಹೇಳಿದ್ದು ಇಷ್ಟು: ಜಾಹೀರಾತು ಕೊಟ್ಟವರಿಗೆ ಒಂದು ಮೇಲ್ ಹಾಕು. ನಿಮ್ಮ ಕೋರ್ಸ್ ಮುಗಿಸಿದರೆ ನಾನು ಯಾವ ದೇಶದಲ್ಲಾದರೂ ಮನಃಶಾಸ್ತ್ರಜ್ಞೆಯಾಗಿ ನೋಂದಣಿ ಮಾಡಿಸಿಕೊಳ್ಳಬಹುದೇ, ರೋಗಿಗಳ ನಡುವಿನ ತರಬೇತಿ ಎಷ್ಟು ಗಂಟೆ, ಎಲ್ಲಿ, ಯಾರ ಉಸ್ತುವಾರಿಯಲ್ಲಿ ಎಂದು ನೇರವಾಗಿ ಕೇಳು.

ಹದಿನೈದು ದಿನ ಬಿಟ್ಟು ಅದೇ ಕ್ಯಾಂಟೀನಿಗೆ ಬಂದಳು. ಉತ್ತರವನ್ನು ಪ್ರಿಂಟ್ ತೆಗೆಸಿಕೊಂಡು ಬಂದಿದ್ದಳು, ಎಕ್ಸಿಬಿಟ್ ಮಾಡಿಸುವವರ ಹಾಗೆ. ನೋಂದಣಿಗೆ ದಾರಿಯಿಲ್ಲ, ರೋಗಿಗಳ ನಡುವಿನ ತರಬೇತಿ ಇಲ್ಲ, ನಿಮ್ಮ ಆಸಕ್ತಿಗೆ ಧನ್ಯವಾದ. ಅವಳಿಗೆ ಬೇಸರವಾದಂತೆ ಕಾಣಲಿಲ್ಲ. ಕಾಗದದ ಹಿಂಬದಿಯಲ್ಲಿ ಆರ್‌ಸಿಐ ಪಟ್ಟಿಯಲ್ಲಿರುವ ಕರ್ನಾಟಕದ ಸಂಸ್ಥೆಗಳ ಹೆಸರನ್ನು ಪೆನ್ಸಿಲ್ಲಿನಲ್ಲಿ ಬರೆದುಕೊಂಡಿದ್ದಳು.

"ಸರ್, ಆ ಪ್ರೆಸ್ಸರ್ ತೀರ್ಪಿನ ಪ್ರಶ್ನೆ ನಮ್ಮ ಭಾಷಾದಾಗ ಬರದೀನಿ ಅಂದಿದ್ರಲ್ಲ," ಅಂದಳು, "ಅದರದೊಂದು ಝೆರಾಕ್ಸ್ ಕೊಡ್ರಿ."